ಜೈಲಿಗೆ ಹೋದರೂ ಊರುಗೋಲು ಜೊತೆಗಿರಲಿ

(ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳ ವಿಕಲಚೇತನರ ಸಂಘಗಳ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಸಭೆಗಳಲ್ಲಿ ಯಾವಾಗಲೂ ಮಾಸಾಶನ, ಬಸ್ ಪಾಸ್, ಯು.ಡಿ.ಐ.ಡಿ. ಕಾರ್ಡು, ಇವುಗಳ ಮಾತೇ ಆಗುತ್ತದೆ. ಇವತ್ತು ಯಾರಿಗೂ ಇಷ್ಟವಿಲ್ಲದ ವಿಷಯ ಎತ್ತಿಕೊಂಡಿದ್ದೇನೆ. ನಮ್ಮಲ್ಲಿ ಒಬ್ಬರನ್ನು ಪೊಲೀಸರು ಕರೆದುಕೊಂಡು ಹೋಗಿ ಜೈಲಿಗೆ ಕಳಿಸಿದರೆ ಅಲ್ಲಿ ಅವರ ಗತಿ ಏನು?

"ನಾವೇನು ಕಳ್ಳರಾ, ಜೈಲಿನ ಮಾತು ನಮಗ್ಯಾಕೆ?" ಅಂತ ಕೆಲವರಿಗೆ ಅನ್ನಿಸಬಹುದು. ಸ್ವಲ್ಪ ಯೋಚಿಸಿ. ನಮ್ಮ ಕಡೆ ಕೇಸುಗಳು ಹುಟ್ಟುವುದೇ ಬದುವಿನ ಜಗಳದಲ್ಲಿ, ನಾಲೆ ನೀರಿನ ಸರದಿಯಲ್ಲಿ, ದಾಯಾದಿಗಳ ಆಸ್ತಿ ಪಾಲಿನಲ್ಲಿ. ದೂರು ಕೊಡುವವರು ಸಿಟ್ಟಿನಲ್ಲಿ ಮನೆಮಂದಿಯ ಹೆಸರನ್ನೆಲ್ಲ ಬರೆಸುತ್ತಾರೆ. ಜಗುಲಿ ಮೇಲೆ ಕೂತಿದ್ದ ಕಾಲಿಲ್ಲದವನ ಹೆಸರೂ ಸೇರುತ್ತದೆ. ನಮ್ಮ ದೇಶದ ಜೈಲುಗಳಲ್ಲಿ ಇರುವವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಶಿಕ್ಷೆ ಆದವರಲ್ಲ, ವಿಚಾರಣೆಗೆ ಕಾಯುತ್ತಿರುವವರು. ತಪ್ಪು ಮಾಡಿದ್ದಾರೋ ಇಲ್ಲವೋ ಇನ್ನೂ ತೀರ್ಮಾನವೇ ಆಗಿಲ್ಲ.

ಶ್ರೀರಂಗಪಟ್ಟಣದವರು ಬೈಲಿ ಬಂದೀಖಾನೆ ನೋಡಿಯೇ ಇರುತ್ತೀರಿ. ಗೋಡೆಯಿಂದ ಚಾಚಿದ ಕಲ್ಲುಗಳಿಗೆ ಕೈದಿಗಳನ್ನು ಸರಪಳಿಯಿಂದ ಬಿಗಿಯುತ್ತಿದ್ದರು ಅಂತ ಹೇಳುತ್ತಾರೆ. ಸೆರೆ ಸಿಕ್ಕಿದ ಕರ್ನಲ್ ಬೈಲಿ 1782ರಲ್ಲಿ ಇದೇ ಊರಿನಲ್ಲಿ ಸತ್ತ. ಆ ಕಾಲ ಹೋಯಿತು ಅಂತ ನಾವು ತಿಳಿದುಕೊಂಡಿದ್ದೇವೆ. ಆದರೆ ಪೋಲಿಯೋ ಆದವನ ಊರುಗೋಲು ಕಿತ್ತಿಟ್ಟುಕೊಂಡರೆ ಅವನಿಗೆ ಬೇರೆ ಸರಪಳಿ ಬೇಕಾ? ಒದ್ದೆ ನೆಲದ ಮೇಲೆ ತೆವಳಿಕೊಂಡು ಕಕ್ಕಸಿಗೆ ಹೋಗಬೇಕು. ಹಾಜರಿ ಕೂಗಿದರೆ ಕಿವುಡರಿಗೆ ಕೇಳುವುದಿಲ್ಲ. ಉತ್ತರ ಕೊಡದಿದ್ದರೆ ಸೊಕ್ಕು ಅಂತ ತಿಳಿದುಕೊಳ್ಳುತ್ತಾರೆ. ಬುದ್ಧಿಮಾಂದ್ಯ ಹುಡುಗ ಏನು ಹೇಳಿದರೂ "ಹೂಂ" ಅನ್ನುತ್ತಾನೆ, ಎಲ್ಲಿ ತೋರಿಸಿದರೆ ಅಲ್ಲಿ ಹೆಬ್ಬೆಟ್ಟು ಒತ್ತುತ್ತಾನೆ. ಮೂರ್ಛೆ ಕಾಯಿಲೆಯವರ ಮಾತ್ರೆ ಎರಡು ದಿನ ತಪ್ಪಿದರೆ ಏನಾಗುತ್ತದೆ ಅಂತ ನಿಮಗೇ ಗೊತ್ತು.

ಫಾದರ್ ಸ್ಟ್ಯಾನ್ ಸ್ವಾಮಿಯವರ ಹೆಸರು ಕೇಳಿದ್ದೀರಿ. 1975ರಿಂದ 1986ರವರೆಗೆ ಬೆಂಗಳೂರಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದ ಯೇಸುಸಭೆಯ ಗುರುಗಳು. 2020ರ ಅಕ್ಟೋಬರ್ 8ರಂದು ರಾಂಚಿಯಲ್ಲಿ ಅವರನ್ನು ಬಂಧಿಸಿ ಮುಂಬೈ ಹತ್ತಿರದ ತಲೋಜಾ ಜೈಲಿಗೆ ಕಳಿಸಿದರು. ಆಗ ಅವರಿಗೆ 83 ವರ್ಷ. ಪಾರ್ಕಿನ್‌ಸನ್ ಕಾಯಿಲೆಯಿಂದ ಕೈ ನಡುಗುತ್ತಿತ್ತು, ಕಿವಿ ಕೇಳುತ್ತಿರಲಿಲ್ಲ, ಲೋಟ ಹಿಡಿದು ನೀರು ಕುಡಿಯಲು ಆಗುತ್ತಿರಲಿಲ್ಲ. ಒಂದು ಸ್ಟ್ರಾ, ಒಂದು ಸಿಪ್ಪರ್ ಲೋಟ ಬೇಕು ಅಂತ ನವೆಂಬರ್ ಮೊದಲ ವಾರ ಕೋರ್ಟಿಗೆ ಅರ್ಜಿ ಹಾಕಿದರು. ಉತ್ತರ ಕೊಡಲು ತನಿಖಾ ಸಂಸ್ಥೆ 20 ದಿನ ತೆಗೆದುಕೊಂಡಿತು. ಕೊನೆಗೆ, ಅದು ನಮ್ಮ ಹತ್ತಿರ ಇಲ್ಲ ಅಂತ ಹೇಳಿತು. ಕೊಡುವುದು ಯಾರ ಕೆಲಸ ಅಂತ ತೀರ್ಮಾನ ಆಗುವುದರೊಳಗೆ ವಾರಗಳು ಕಳೆದವು. ಅಷ್ಟು ದಿನ ಅವರನ್ನು ನೋಡಿಕೊಂಡವರು ಜೊತೆಯ ಕೈದಿಗಳು. ಅವರೇ ಊಟ ಮಾಡಿಸಿದರು, ಸ್ನಾನ ಮಾಡಿಸಿದರು. 2021ರ ಜುಲೈ 5ರಂದು, ಜಾಮೀನು ಸಿಗದೆ, ಮುಂಬೈನ ಹೋಲಿ ಫ್ಯಾಮಿಲಿ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು.

ಅವರ ಮೇಲಿನ ಕೇಸಿನ ಬಗ್ಗೆ ಯಾರು ಏನೇ ಹೇಳಲಿ, ಇಲ್ಲಿ ನನ್ನ ಪ್ರಶ್ನೆ ಅದಲ್ಲ. ದೇಶದ ದೊಡ್ಡ ದೊಡ್ಡ ವಕೀಲರು, ಪತ್ರಿಕೆಗಳು ಹಿಂದೆ ಇದ್ದಾಗಲೇ ಒಂದು ಸ್ಟ್ರಾಗೆ ಇಷ್ಟು ಓಡಾಟ ಆಯಿತಲ್ಲ, ನಮ್ಮ ಹಳ್ಳಿಯವರಿಗೆ ಆದರೆ?

ಆದ್ದರಿಂದ ಕಾನೂನು ಏನು ಹೇಳುತ್ತದೆ ಅಂತ ತಿಳಿದಿರಬೇಕು. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರ ಪ್ರಕಾರ, ಅಂಗವಿಕಲರಿಗೆ ತಕ್ಕ ಅನುಕೂಲ ಮಾಡಿಕೊಡದೇ ಇರುವುದೂ ಭೇದಭಾವವೇ. ಅಂದರೆ ಊರುಗೋಲು ಕೊಡುವುದು ಜೈಲರ್ ಸಾಹೇಬರ ದಯೆ ಅಲ್ಲ. ಭಾರತ 2007ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಒಡಂಬಡಿಕೆಯೂ, ಸೆರೆಯಲ್ಲಿರುವ ಅಂಗವಿಕಲರಿಗೆ ಇದೇ ಹಕ್ಕು ಇದೆ ಅಂತ ಬಿಡಿಸಿ ಹೇಳಿದೆ.

ಪಕ್ಕದ ತಮಿಳುನಾಡಿನ ಒಂದು ಕೇಸು ನಮಗೆ ತುಂಬಾ ಹತ್ತಿರದ್ದು. ಮುರುಗಾನಂತಂ ಅನ್ನುವ ವಕೀಲರಿಗೆ ಸ್ನಾಯು ಕ್ಷೀಣಿಸುವ ಕಾಯಿಲೆ. ಕುಟುಂಬದ ಆಸ್ತಿ ಜಗಳದ ಹಿನ್ನೆಲೆಯಲ್ಲಿ 2020ರಲ್ಲಿ ಅವರು ಕೊಯಮತ್ತೂರು ಜೈಲಿನಲ್ಲಿ ಕೆಲವು ದಿನ ಇರಬೇಕಾಯಿತು. ಅಲ್ಲಿ ಬೇಕಾದ ಸೌಲಭ್ಯ ಇರಲಿಲ್ಲ. ಅವರಿಗೆ ಕೊಟ್ಟ 5 ಲಕ್ಷ ರೂಪಾಯಿ ಪರಿಹಾರವನ್ನು 2025ರ ಜುಲೈ 15ರಂದು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಬೇಕೆಂದ ಊಟವೆಲ್ಲ ಕೊಡಲಾಗುವುದಿಲ್ಲ ಅಂತಲೂ ಕೋರ್ಟು ಹೇಳಿತು, ಅದನ್ನೂ ಮುಚ್ಚಿಡುವುದು ಬೇಡ. ಆದರೆ ಜೈಲಿಗೆ ಸೇರಿಸಿಕೊಳ್ಳುವಾಗಲೇ ಅಂಗವಿಕಲತೆಯನ್ನು ಗುರುತಿಸಬೇಕು, ಇಳಿಜಾರು ದಾರಿ ಮತ್ತು ಬಳಸಲು ಆಗುವ ಶೌಚಾಲಯ ಇರಬೇಕು, ಜೈಲಿನ ನಿಯಮಗಳನ್ನು ಬ್ರೈಲ್, ದಪ್ಪಕ್ಷರ, ಸನ್ನೆ ಭಾಷೆಯಲ್ಲಿ ತಿಳಿಸಬೇಕು ಎಂದು ಆದೇಶ ಮಾಡಿತು. ಆ ತೀರ್ಪು ತಮಿಳುನಾಡಿಗೆ ಬಂದದ್ದು. ಡಿಸೆಂಬರ್ ತಿಂಗಳಲ್ಲಿ ಅದನ್ನು ಎಲ್ಲ ರಾಜ್ಯಗಳಿಗೂ ಅನ್ವಯಿಸಿದ್ದಾರೆ. ಹಾಗಾಗಿ ಮಂಡ್ಯ ಜೈಲಿಗೂ ಮೈಸೂರು ಜೈಲಿಗೂ ಅದು ಅನ್ವಯ.

ಕಣ್ಣಿಗೆ ಕಾಣದ ತೊಂದರೆಯನ್ನೂ ಮರೆಯಬಾರದು. ಬೆಂಗಳೂರಿನ ಪರಪ್ಪನ ಅಗ್ರಹಾರದಲ್ಲಿ ನಿಮ್ಹಾನ್ಸ್‌ನವರು 5,024 ಕೈದಿಗಳನ್ನು ಪರೀಕ್ಷಿಸಿ 2011ರಲ್ಲಿ ವರದಿ ಕೊಟ್ಟರು. ಕುಡಿತ, ಮಾದಕ ವಸ್ತುಗಳ ಚಟ ಬಿಟ್ಟು ಲೆಕ್ಕ ಹಾಕಿದರೂ ನೂರಕ್ಕೆ 27ಕ್ಕಿಂತ ಹೆಚ್ಚು ಜನರಿಗೆ ಮಾನಸಿಕ ಕಾಯಿಲೆ ಇತ್ತು.

ಈಗ ನಮ್ಮ ಕೆಲಸಕ್ಕೆ ಬರೋಣ. ಆದೇಶ ದೆಹಲಿಯಲ್ಲಿ ಇರುತ್ತದೆ, ಠಾಣೆಯಲ್ಲಿ ಕೂತಿರುವವರು ನಾವು. ಬಾಯಿಮಾತಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ, ಬರೆಸಿದ್ದು ಮಾತ್ರ ಉಳಿಯುತ್ತದೆ. ಬಂಧನ ಆದ ಮೇಲೆ ವೈದ್ಯರ ಪರೀಕ್ಷೆ ಆಗಲೇಬೇಕು. ಅಲ್ಲಿ ವೈದ್ಯರಿಗೆ ಅಂಗವಿಕಲತೆಯನ್ನೂ ಮಾತ್ರೆಗಳ ಹೆಸರನ್ನೂ ತಿಳಿಸಿ ಬರೆಸಿ. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುತ್ತಾರಲ್ಲ, ಅದೇ ಮುಖ್ಯ ಗಳಿಗೆ. "ಸ್ವಾಮಿ, ಇವನಿಗೆ ಊರುಗೋಲು ಬೇಕು, ಈ ಮಾತ್ರೆ ಬೇಕು, ಶೌಚಕ್ಕೆ ಒಬ್ಬರು ಹಿಡಿದುಕೊಳ್ಳಬೇಕು" ಅಂತ ವಕೀಲರ ಕೈಯಲ್ಲಿ ಅರ್ಜಿ ಹಾಕಿಸಿ, ರಿಮ್ಯಾಂಡ್ ಆದೇಶದಲ್ಲೇ ಅದು ಬರುವ ಹಾಗೆ ಕೇಳಿ. ಅಶಕ್ತರಿಗೆ ಜಾಮೀನು ಕೊಡುವಾಗ ವಿಶೇಷವಾಗಿ ಪರಿಗಣಿಸಲು ಕಾನೂನಿನಲ್ಲೇ ಅವಕಾಶ ಇದೆ. ಅದನ್ನು ಕೇಳುವುದಕ್ಕೆ ನಾಚಿಕೆ ಬೇಡ.

ಬಂಧನಕ್ಕೆ ಮುಂಚೆಯೂ ಒಂದು ತಡೆ ಇದೆ. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 35ನೇ ಕಲಮಿನ ಪ್ರಕಾರ, ಮೂರು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧದಲ್ಲಿ ಅಶಕ್ತರನ್ನು ಅಥವಾ 60 ದಾಟಿದವರನ್ನು ಹಿಡಿಯಬೇಕಾದರೆ ಡಿ.ವೈ.ಎಸ್.ಪಿ. ಇಲ್ಲವೇ ಅವರಿಗಿಂತ ಮೇಲಿನ ಅಧಿಕಾರಿಯ ಅನುಮತಿ ಮೊದಲೇ ಬೇಕು. ಸಾಕ್ಷಿ ಹೇಳಲು ಅಂಗವಿಕಲರನ್ನು ಠಾಣೆಗೆ ಬನ್ನಿ ಅಂತ ಒತ್ತಾಯಿಸುವ ಹಾಗೂ ಇಲ್ಲ. ಪೊಲೀಸರೇ ಮನೆಗೆ ಬಂದು ಕೇಳಬೇಕು.

ವಕೀಲರಿಗೆ ದುಡ್ಡಿಲ್ಲ ಅಂತ ಕೈಚೆಲ್ಲಬೇಡಿ. ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಉಂಟು. ನಿಮ್ಮ ತಾಲ್ಲೂಕು ಕೋರ್ಟಿನಲ್ಲೇ ಕಾನೂನು ಸೇವಾ ಸಮಿತಿ ಇದೆ, 15100ಕ್ಕೆ ಫೋನ್ ಮಾಡಿದರೂ ಆಗುತ್ತದೆ. ಸಂಘದ ಪ್ರತಿಯೊಬ್ಬ ಸದಸ್ಯರ ಯು.ಡಿ.ಐ.ಡಿ. ಕಾರ್ಡು, ವೈದ್ಯರ ಚೀಟಿ ಇವುಗಳ ಜೆರಾಕ್ಸ್ ಒಂದೊಂದು ಸಂಘದ ಫೈಲಿನಲ್ಲಿ ಇರಲಿ. ರಾತ್ರಿ ಹತ್ತು ಗಂಟೆಗೆ ಯಾರನ್ನೋ ಕರೆದುಕೊಂಡು ಹೋದರು ಅಂತ ಸುದ್ದಿ ಬಂದಾಗ ಬೀರು ಹುಡುಕುತ್ತಾ ಕೂರುವ ಹಾಗೆ ಆಗಬಾರದು. ಜೈಲಿಗೆ ಕಳಿಸಿದ ಮೇಲೆ ಜೈಲಿನ ಮೇಲಧಿಕಾರಿಗೆ ಒಂದು ಅರ್ಜಿ ಕೊಡಿ. ಅದರ ಪ್ರತಿ ಮಂಡ್ಯದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ, ಇನ್ನೊಂದು ಪ್ರತಿ ಬೆಂಗಳೂರಿನ ವಿಕಲಚೇತನರ ರಾಜ್ಯ ಆಯುಕ್ತರಿಗೆ ಹೋಗಲಿ. ಕೊಟ್ಟಿದ್ದಕ್ಕೆ ಸೀಲು, ಸಹಿ ಹಾಕಿಸಿಕೊಂಡೇ ಬನ್ನಿ.