ಮೋಗ್ಲಿಂಗ್ ಮತ್ತು ಮನೆ ಕಳೆದುಕೊಂಡ ಶಿಷ್ಯ



ಜುಲೈ 1 ಬಂತೆಂದರೆ ನಾವು ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಹೆಸರು ತೆಗೆಯುತ್ತೇವೆ. 1843ರ ಆ ದಿನ ಆತನ 'ಮಂಗಳೂರ ಸಮಾಚಾರ' ಪತ್ರಿಕೆ ಹೊರಬಂದದ್ದು, ಮುಂದೆ ನಮ್ಮ ಬಸವಪುರಾಣ ಅಚ್ಚಾದದ್ದು ನಿಮಗೆ ಗೊತ್ತೇ ಇದೆ. ನಾನು ಹೇಳಬೇಕೆಂದಿರುವುದು ಆತನ ಒಬ್ಬ ವಿದ್ಯಾರ್ಥಿಯ ಸಂಗತಿ.

ಆನಂದರಾವ್ ಕೌಂಡಿನ್ಯ. 1825ರಲ್ಲಿ ಹುಟ್ಟಿದ ಸಾರಸ್ವತ ಬ್ರಾಹ್ಮಣ, ಮಂಗಳೂರಿನ ಬಾಸೆಲ್ ಮಿಷನ್ ಶಾಲೆಯಲ್ಲಿ ಕಲಿಯುತ್ತಿದ್ದವ, ಎಳೆ ವಯಸ್ಸಿಗೇ ಮದುವೆಯಾದವ. ಪತ್ರಿಕೆ ಶುರುವಾಗಿ ಆರು ತಿಂಗಳಿಗೆ, 1844ರ ಜನವರಿಯಲ್ಲಿ, ಕ್ರೈಸ್ತ ದೀಕ್ಷೆ ಪಡೆದ. ಊರಲ್ಲಿ ದೊಡ್ಡ ಗದ್ದಲವೆದ್ದಿತು. ಮನೆ, ಜಾತಿ ಎರಡೂ ಕೈಬಿಟ್ಟವು. ಹೆಂಡತಿ ಜೊತೆಗೆ ಬರಲಿಲ್ಲ.

ಜಗಳ ಇರುವುದೇ ಇಲ್ಲಿ. ಮಿಷನ್ ಕಡೆಯವರ ಮಾತಿನಲ್ಲಿ ಗುರು ಶಿಷ್ಯನನ್ನು ಉಳಿಸಿದ. ಎದುರಿನವರ ಮಾತಿನಲ್ಲಿ ಗುರುವೇ ಮನೆ ಮುರಿದ.

ಈ ಜಗಳ ಕೇಳಿದಾಗಲೆಲ್ಲ ನನಗೆ ನೆನಪಾಗುವವರು ನಮಗೆ ಕನ್ನಡ ಕಲಿಸಿದ ಗುರುಗಳು. ಧೋತರ, ಕರೀ ಟೊಪಿಗಿ. ಬಸವಣ್ಣ ಬಾಗೇವಾಡಿ ಬಿಟ್ಟು ಕೂಡಲಸಂಗಮಕ್ಕೆ ಹೋದ ಪಾಠ ಬಂದಾಗ ಪುಸ್ತಕ ಮುಚ್ಚಿ ಕೇಳುತ್ತಿದ್ದರು: "ಮನಿ ಬಿಟ್ಟು ಹೊಂಟ ಹುಡುಗಗ ಸಂಗಮದಾಗ ಅನ್ನ ಹಾಕಿದವರ್ಯಾರು? ಅದನ್ನ ಹೇಳ್ರಿ ಮೊದಲ." ಜಾತವೇದ ಮುನಿಗಳು ಅಂತ ನಾವೆಲ್ಲ ಒಟ್ಟಿಗೇ ಕೂಗುತ್ತಿದ್ದೆವು. ಬಸವಣ್ಣ ಜನಿವಾರ ಬೇಡವೆಂದ ಚರ್ಚೆ ಅವರಿಗೆ ಆಮೇಲಿನದು. ತಂದೆ-ತಾಯಿ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋದಾಗ ಇಲ್ಲಿ ಉಳಿದ ಹುಡುಗರನ್ನು ತಮ್ಮ ಪಡಸಾಲೆಯಲ್ಲಿ ಮಲಗಿಸಿಕೊಂಡು ಓದಿಸಿದವರು ಅವರು.

ಅವರ ಆ ಪ್ರಶ್ನೆ ಹಿಡಿದೇ ನಾನು ಮೋಗ್ಲಿಂಗನನ್ನು ಓದಿದ್ದು. ಎಲ್ಲರೂ ದೀಕ್ಷೆಯ ದಿನವನ್ನೇ ಹಿಡಿದು ವಾದಿಸುತ್ತಾರೆ. ನನಗೆ ಆಮೇಲಿನ ವರ್ಷಗಳು ಮುಖ್ಯ. 1836ರಲ್ಲಿ ಕಡಲು ದಾಟಿ ಬಂದ ಜರ್ಮನ್ ಮನುಷ್ಯ, ಹತ್ತು ವರ್ಷದ ಮೇಲೆ ತನ್ನ ಸೀಮೆಗೆ ಹೋಗುವಾಗ ಈ ಹುಡುಗನನ್ನೂ ಕರೆದುಕೊಂಡು ಹೋದ. ಸೂಯೆಜ್ ಕಾಲುವೆ ಇಲ್ಲದ ಕಾಲ ಅದು. 1851ರವರೆಗೆ ಕೌಂಡಿನ್ಯರ ಓದು ಬಾಸೆಲ್‌ನಲ್ಲಿ ನಡೆಯಿತು. ಓದು ಮುಗಿಸಿ, ತಮ್ಮನ್ನು ಹೊರಗಿಟ್ಟ ಮಂಗಳೂರಿಗೇ ಪಾಠ ಹೇಳಲು ಮರಳಿದರು. ಕೊಡಗಿನಲ್ಲಿ ಗುರು ಕಟ್ಟಿದ ವಸತಿಗೆ ಶಿಷ್ಯನ ಹೆಸರು, ಆನಂದಪುರ. ಶಿಷ್ಯನ ಹೆಸರಿನ ಮುಂದೆ ಗುರುವಿನ ಹೆಸರು: ಹರ್ಮನ್ ಆನಂದರಾವ್ ಕೌಂಡಿನ್ಯ. ಒಂದು ದಿನದ ಕನಿಕರ ಇಷ್ಟು ದೂರ ಬರುವುದಿಲ್ಲ. ಮಿಷನ್ನಿಗೆ ಒಂದು ತಲೆ ಹೆಚ್ಚಲಿ ಎಂಬ ಲೆಕ್ಕವಷ್ಟೇ ಇದ್ದಿದ್ದರೂ ಬರುತ್ತಿರಲಿಲ್ಲ ಎಂದು ನಾನು ವಾದಿಸುತ್ತ ಬಂದಿದ್ದೇನೆ.

ಆದರೂ ಒಂದು ಕಡೆ ನನ್ನ ವಾದ ನಿಂತುಬಿಡುತ್ತದೆ. ಸಂಗಮದ ಗುರು ಬಸವಣ್ಣನನ್ನು ಮನೆಯಿಂದ ಹೊರಡಿಸಿದವರಲ್ಲ, ಹೊರಟು ಬಂದವನನ್ನು ಒಳಗೆ ಕರೆದವರು. ಮೋಗ್ಲಿಂಗ್ ಹಾಗಲ್ಲ. ಹುಡುಗ ಹೊರಬಿದ್ದದ್ದಕ್ಕೂ ಆತನ ಬೋಧನೆಯೇ ಕಾರಣ, ಆಸರೆಯೂ ಆತನೇ. ಕಷ್ಟ ತಂದವನೇ ಮುಂದೆ ಇಷ್ಟು ವರ್ಷ ಜೊತೆಗೆ ನಿಂತರೆ ಅದನ್ನು ಗುರುವಾತ್ಸಲ್ಯ ಎನ್ನೋಣವೇ, ಋಣ ತೀರಿಸಿದ್ದು ಎನ್ನೋಣವೇ? ಒಬ್ಬ ಮಾಸ್ತರರಿಗೆ ಶಿಷ್ಯನ ಮನಸ್ಸನ್ನು ಎಲ್ಲಿಯವರೆಗೆ ತಿರುಗಿಸುವ ಹಕ್ಕಿದೆ? 1860ರಲ್ಲಿ ಕೌಂಡಿನ್ಯರು ಜರ್ಮನಿಯಿಂದ ಬಂದ ಮರೀ ರೈನ್‌ಹಾರ್ಟ್ ಅವರನ್ನು ಮದುವೆಯಾದರು. ಅವರಿಗೆ ಓದು ಸಿಕ್ಕಿತು, ಸಂಸಾರ ಸಿಕ್ಕಿತು, ಒಂದು ಊರಿಗೆ ಹೆಸರೂ ಸಿಕ್ಕಿತು. ಜೊತೆಗೆ ಬಾರದ ಆ ಮೊದಲ ಹೆಂಡತಿಯ ಮನೆಯೂ 1844ರ ಅದೇ ಜನವರಿಯಲ್ಲಿ ಮುರಿದಿತ್ತಲ್ಲ, ಆಕೆಗೆ ಗುರು ಯಾರಿದ್ದರು?