ನೀರು ಪಾಸಾಯ್ತು, ಕೆಸರಿನ ಪರೀಕ್ಷೆ ಯಾವಾಗ?



ಚಿಂತಾಮಣಿ ತಾಲೂಕಿನ ಮುರುಗಮಲ್ಲ ಅಂದ ತಕ್ಷಣ ನಮಗೆ ನೆನಪಾಗೋದು ಅಲ್ಲಿನ ದರ್ಗಾ. ಆದರೆ ಇವತ್ತು ನಾನು ಮಾತಾಡೋದು ಆ ಸೀಮೆಯ ಕೆರೆಗಳ ಬಗ್ಗೆ. ಸರಿಯಾಗಿ ಹೇಳಬೇಕಂದ್ರೆ, ಕೆರೆ ತಳದ ಕೆಸರಿನ ಬಗ್ಗೆ.

ವರ್ಷವಿಡೀ ಹರಿಯೋ ನದಿ ಒಂದೂ ಇಲ್ಲದ ಬಯಲುಸೀಮೆ ಇದು. ಬೋರ್‌ವೆಲ್‌ಗಳು ಸಾವಿರ ಅಡಿ ದಾಟಿವೆ. ಇಂಥ ಕಡೆಗೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರನ್ನ ತರೋ ಯೋಜನೆಯೇ ಕೆ.ಸಿ. ವ್ಯಾಲಿ. ದಿನಕ್ಕೆ 44 ಕೋಟಿ ಲೀಟರ್ ನೀರು. ಕೋಲಾರ ಜಿಲ್ಲೆಯ ಕೆರೆಗಳು, ಜೊತೆಗೆ ಚಿಂತಾಮಣಿ ತಾಲೂಕಿನ ಕೆಲವು ಸೇರಿ 126 ಕೆರೆ ತುಂಬಿಸೋ ಗುರಿ.

2018ರ ಜೂನ್‌ನಲ್ಲಿ ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಮೊದಲ ನೀರು ಬಂತು. ಜುಲೈನಲ್ಲಿ ಅಲ್ಲೇ ನೊರೆ ಎದ್ದಿತು. ಟಿವಿ ಕ್ಯಾಮೆರಾಗಳೆಲ್ಲ ಓಡಿದವು. ಹೈಕೋರ್ಟ್, ಸುಪ್ರೀಂ ಕೋರ್ಟ್ ಎರಡೂ ಕಡೆ ವ್ಯಾಜ್ಯ ನಡೀತು. ಕೊನೆಗೆ ನೀರು ಮತ್ತೆ ಹರಿಯಿತು, ಅಂತರ್ಜಲವೂ ಮೇಲೆ ಬಂತು. ಅದನ್ನ ನಾನು ಅಲ್ಲಗಳೆಯಲ್ಲ.

ಆದರೆ ನೊರೆ ಕಣ್ಣಿಗೆ ಕಾಣುತ್ತೆ. ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ ಕಾಣಲ್ಲ.

ಈ ಯೋಜನೆಯಲ್ಲಿ ನೀರಿಗೆ ಆಗೋದು ಎರಡನೇ ಹಂತದವರೆಗಿನ ಸಂಸ್ಕರಣೆ. ಅಲ್ಲಿ ಮುಖ್ಯ ಕೆಲಸ ಬ್ಯಾಕ್ಟೀರಿಯಾಗಳದ್ದು. ಅವು ಕೊಳೆಯುವ ಪದಾರ್ಥವನ್ನ ತಿಂದು ಮುಗಿಸ್ತವೆ. ಲೋಹವನ್ನ ಯಾವ ಬ್ಯಾಕ್ಟೀರಿಯಾನೂ ತಿಂದು ಮುಗಿಸೋಕಾಗಲ್ಲ. ಒಂದಷ್ಟು ಲೋಹ ಘಟಕದ ಕೆಸರಿನಲ್ಲೇ ಉಳಿಯುತ್ತೆ, ಮಿಕ್ಕಿದ್ದು ನೀರಿನ ಜೊತೆ ಹೊರಡುತ್ತೆ. ಮನೆಗಳ ಕೊಳಚೆ ಹರಿಯೋ ಚರಂಡಿಗೆ ಎಲೆಕ್ಟ್ರೋಪ್ಲೇಟಿಂಗ್, ಬ್ಯಾಟರಿ, ಪೇಂಟ್ ಘಟಕಗಳ ತ್ಯಾಜ್ಯವೂ ಸೇರಿದ್ರೆ ಲೋಹ ಇನ್ನೂ ಜಾಸ್ತಿ.

ಎಂಜಿನಿಯರಿಂಗ್ ಓದಿದವನು ನಾನು, ಒಂದು ಸಣ್ಣ ಲೆಕ್ಕ ಮಾಡೋಣ. ಭಾರತೀಯ ಮಾನದಂಡದ ಪ್ರಕಾರ ಕುಡಿಯೋ ನೀರಿನಲ್ಲಿ ಲೀಟರಿಗೆ 0.01 ಮಿಲಿಗ್ರಾಂವರೆಗೆ ಸೀಸ ಇರಬಹುದು. ಕೆರೆಗೆ ಬರೋ ನೀರಿನಲ್ಲೂ ಅಷ್ಟೇ ಇದೆ ಅಂತ ಇಟ್ಕೊಳ್ಳಿ. ಪರೀಕ್ಷೆಯಲ್ಲಿ ನೀರು ಪಾಸು. ಈಗ ಅದನ್ನ 44 ಕೋಟಿ ಲೀಟರಿಗೆ ಗುಣಿಸಿ. ದಿನಕ್ಕೆ 4.4 ಕೆಜಿ ಸೀಸ. ವರ್ಷಕ್ಕೆ ಹತ್ತಿರ ಹತ್ತಿರ 1,600 ಕೆಜಿ. ಇದು ಅಳತೆ ಮಾಡಿದ ಅಂಕಿ ಅಲ್ಲ, ಆರೋಪವೂ ಅಲ್ಲ, ಬರೀ ಗುಣಾಕಾರ. ನೀರು ಇಂಗುತ್ತೆ, ಆವಿಯಾಗುತ್ತೆ. ಲೋಹ ಜೇಡಿಮಣ್ಣಿನ ಕಣಕ್ಕೆ ಅಂಟಿಕೊಂಡು ತಳದಲ್ಲಿ ಕೂರುತ್ತೆ. ಒಂದು ವರ್ಷದ ಪದರದ ಮೇಲೆ ಇನ್ನೊಂದು ವರ್ಷದ ಪದರ.

ಕೂತಿದ್ದು ಕೂತಲ್ಲೇ ಇರಲ್ಲ. ಕೆರೆ ಬತ್ತಿ ತಳ ಬಿರುಕು ಬಿಟ್ಟಾಗ ಗಾಳಿ ಒಳಗೆ ಹೋಗುತ್ತೆ. ಆಗ ಸಲ್ಫೈಡ್ ರೂಪದಲ್ಲಿ ಹಿಡಿದಿಟ್ಟುಕೊಂಡ ಲೋಹ ಸಡಿಲವಾಗಿ ಮುಂದಿನ ನೀರಿಗೆ ಮತ್ತೆ ಸೇರಬಹುದು.

ಇನ್ನೊಂದು ದಾರಿ ನಮ್ಮ ರೈತರಿಗೆ ಚೆನ್ನಾಗಿ ಗೊತ್ತು. ಬೇಸಿಗೆ ಬಂತಂದ್ರೆ ಕೆರೆ ಗೋಡು ಟ್ರಾಕ್ಟರ್ ಹತ್ತುತ್ತೆ. ರಾಗಿ ಹೊಲಕ್ಕೆ, ಟೊಮೆಟೊ ತೋಟಕ್ಕೆ, ಹಿಪ್ಪುನೇರಳೆಗೆ. ತಲೆಮಾರುಗಳಿಂದ ಅದು ಪುಕ್ಕಟೆ ಗೊಬ್ಬರ. ಆ ಗೋಡಿನಲ್ಲಿ ಕ್ಯಾಡ್ಮಿಯಂ ಇದ್ದರೆ? ಸೊಪ್ಪಿನ ಬೆಳೆಗಳು ಅದನ್ನ ಸುಲಭವಾಗಿ ಹೀರ್ತವೆ. ಕ್ಯಾಡ್ಮಿಯಂ ಕಿಡ್ನಿಗೆ ಪೆಟ್ಟು, ಸೀಸ ಮಕ್ಕಳ ಮಿದುಳಿಗೆ ಪೆಟ್ಟು. ಹೊಲಕ್ಕೆ ಒಮ್ಮೆ ಬಿದ್ದ ಲೋಹವನ್ನ ಹೆಕ್ಕಿ ತೆಗೆಯೋರು ಯಾರು?

ಹಾಗಂತ ನೀರು ನಿಲ್ಲಿಸಿ ಅಂತ ನಾನು ಹೇಳ್ತಿಲ್ಲ. ಬಾಯಾರಿದವನ ಕೈಯಿಂದ ಲೋಟ ಕಿತ್ತುಕೊಳ್ಳೋ ಮಾತು ಬೇಡ. ಸರ್ಕಾರಕ್ಕೆ ಕೇಳೋದು ಮೂರೇ ವಿಷಯ. ನೀರಿನ ಜೊತೆಗೆ ತಳದ ಕೆಸರನ್ನೂ ಪ್ರತಿ ವರ್ಷ ಪರೀಕ್ಷೆ ಮಾಡಿ. ವರದಿಯನ್ನ ಕನ್ನಡದಲ್ಲಿ ಗ್ರಾಮ ಪಂಚಾಯಿತಿ ಬೋರ್ಡಿಗೆ ಅಂಟಿಸಿ. ಹೂಳೆತ್ತೋ ಟೆಂಡರ್ ಕರೆಯೋ ಮೊದಲು ಆ ಹೂಳು ಹೊಲಕ್ಕೆ ಯೋಗ್ಯವೋ ಅಲ್ಲವೋ ಅಂತ ರೈತನಿಗೆ ಹೇಳಿ.

ವೀಕ್ಷಕರೇ, ನಿಮ್ಮೂರ ಕೆರೆಗೆ ಈ ನೀರು ಬರ್ತಿದ್ರೆ ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಒಂದೇ ಪ್ರಶ್ನೆ ಕೇಳಿ: ನಮ್ಮ ಕೆರೆ ಕೆಸರಿನ ವರದಿ ಎಲ್ಲಿ?