ತಡವಾಗಿ ತಟ್ಟಿದ ಬಾಗಿಲು

(ಶತಮಾನೋತ್ಸವದ ಅಂಗವಾಗಿ ನಡೆದ ಹಳೆ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ನೂರು ವರ್ಷ ತುಂಬಿದ ಈ ಶಾಲೆಯ ಅಂಗಳದಲ್ಲಿ ನಿಂತು ಮಾತನಾಡುವ ಯೋಗ್ಯತೆ ನನಗಿದೆಯೇ ಎಂಬ ಅಳುಕು ಇನ್ನೂ ಹೋಗಿಲ್ಲ. ಇಲ್ಲಿ ಓದುತ್ತಿದ್ದಾಗ ನಾನು ವೇದಿಕೆ ಹತ್ತಿದವನಲ್ಲ. ವೇದಿಕೆಗೆ ಕುರ್ಚಿ ಹೊತ್ತವನು. ಸೈನ್ಯದಲ್ಲಿ ನನಗೆ ದೊರೆತ ಅನುಭವವನ್ನು ಹೇಳಬೇಕೆಂದು ಸಮಿತಿಯವರು ಅಪ್ಪಣೆ ಮಾಡಿದ್ದಾರೆ. ಯುದ್ಧದ ಕಥೆಗಳನ್ನು ನಾನು ಹೇಳುವುದಿಲ್ಲ. ಒಂದೇ ಒಂದು ನಿರ್ಧಾರದ ಕಥೆಯನ್ನು ಹೇಳುತ್ತೇನೆ. ಸಿಪಾಯಿಯಾಗಿ ಸೇರಿದ ನಾನು, ಮದುವೆಯಾಗಿ ಮಗಳ ತಂದೆಯಾದ ಮೇಲೆ, 33ನೆಯ ವಯಸ್ಸಿನಲ್ಲಿ ಅಧಿಕಾರಿಯಾಗಬೇಕೆ ಬೇಡವೇ ಎಂದು ತೀರ್ಮಾನಿಸಬೇಕಾಯಿತು. ಆ ಪ್ರಶ್ನೆಗೆ ನಾನು ಎರಡು ಸಲ ಉತ್ತರ ಕೊಟ್ಟಿದ್ದೇನೆ. ಮೊದಲ ಸಲ ಕೊಟ್ಟ ಉತ್ತರ ತಪ್ಪು. ಅದು ಏಕೆ ತಪ್ಪಾಯಿತೆಂದು ತಿಳಿಸುವುದೇ ಈ ಮಾತಿನ ಉದ್ದೇಶ.

ನಮ್ಮ ಕಾಸರಗೋಡಿನ ಗುಡ್ಡಗಳನ್ನು ದಾಟಿದರೆ ಕೊಡಗು. ಅಲ್ಲಿಂದ ಬಂದ ಕಾರ್ಯಪ್ಪನವರ ಹೆಸರನ್ನು ಕೇಳಿಯೇ ನಾವೆಲ್ಲ ಬೆಳೆದೆವು. 1919ರಲ್ಲಿ ಅಧಿಕಾರಿಯಾಗಿ ಸೇರಿದ ಅವರು 1949ರ ಜನವರಿ 15ರಂದು ಭಾರತೀಯ ಸೈನ್ಯದ ಮೊದಲ ಭಾರತೀಯ ಮಹಾದಂಡನಾಯಕರಾದರು. ಅವರ ಹಾಗೂ ತಿಮ್ಮಯ್ಯನವರ ಚಿತ್ರಗಳನ್ನು ನೋಡಿದ ಹುಡುಗನಿಗೆ, ಅಧಿಕಾರಿ ಎಂದರೆ ಎಳೆವಯಸ್ಸಿನಲ್ಲೇ ಆ ದಾರಿ ಹಿಡಿದವನು, ಬೇರೆಯೇ ಬಗೆಯ ಮನೆಯಿಂದ ಬಂದವನು ಎಂಬ ಭಾವನೆ ಬರುವುದು ಸಹಜ. ಆದರೆ ಸೈನ್ಯಕ್ಕೆ ಇನ್ನೊಂದು ಪರಂಪರೆಯೂ ಇದೆ. 1929ರಲ್ಲಿ ಮಧ್ಯಭಾರತದ ನೌಗಾಂವ್‌ನಲ್ಲಿ ಕಿಚನರ್ ಕಾಲೇಜು ಆರಂಭವಾಯಿತು. ಅದು ಸಾಮಾನ್ಯ ಸಿಪಾಯಿಗಳನ್ನು ಅಧಿಕಾರಿಗಳಾಗಲು ಅಣಿಗೊಳಿಸುವ ಸಂಸ್ಥೆ. ಅದೇ 1960ರಲ್ಲಿ ಪುಣೆಯಲ್ಲಿ ಆರ್ಮಿ ಕೆಡೆಟ್ ಕಾಲೇಜಾಗಿ, 1977ರಲ್ಲಿ ದೆಹರಾದೂನಿಗೆ ಹೋಗಿ, ಇಂದಿಗೂ ನಡೆಯುತ್ತಿದೆ. ಬಂದೂಕು ಹಿಡಿದು ಸಾಲಿನಲ್ಲಿ ನಿಂತವನು ಆ ಸಾಲಿನ ಮುಂದೆ ನಿಲ್ಲುವ ಬಾಗಿಲು ಅಂದಿನಿಂದಲೂ ತೆರೆದಿದೆ.

ನಾನು 1999ರಲ್ಲಿ, 19ನೆಯ ವಯಸ್ಸಿನಲ್ಲಿ, ಬೆಂಗಳೂರಿನ ಮದ್ರಾಸ್ ಇಂಜಿನಿಯರ್ ಗ್ರೂಪಿಗೆ ಸೇರಿದೆ. ಸೇತುವೆ ಕಟ್ಟುವುದು, ದಾರಿ ಮಾಡುವುದು, ನೆಲಬಾಂಬು ತೆಗೆಯುವುದು ನಮ್ಮ ಕೆಲಸ. ಕೆಲವು ವರ್ಷಗಳ ಬಳಿಕ ನಮ್ಮ ಕಂಪೆನಿಯ ಹಿರಿಯ ಅಧಿಕಾರಿಯೊಬ್ಬರು ಕೆಡೆಟ್ ಕಾಲೇಜಿನ ಅರ್ಜಿಯನ್ನು ತಾವಾಗಿಯೇ ತರಿಸಿ ನನ್ನ ಕೈಯಲ್ಲಿಟ್ಟರು. ನಿಯಮ ಸರಳವಾಗಿತ್ತು: ಹನ್ನೆರಡನೆಯ ತರಗತಿ ತೇರ್ಗಡೆಯಾಗಿರಬೇಕು, ಕನಿಷ್ಠ 2 ವರ್ಷ ಸೇವೆ ಆಗಿರಬೇಕು, ವಯಸ್ಸು 20ರಿಂದ 27ರೊಳಗಿರಬೇಕು. ಮೂರೂ ನನಗೆ ಹೊಂದುತ್ತಿದ್ದವು. ಆ ಅರ್ಜಿಯನ್ನು ನನ್ನ ಕಬ್ಬಿಣದ ಪೆಟ್ಟಿಗೆಯ ತಳದಲ್ಲಿ ಮಡಿಸಿಟ್ಟೆ. ಕೇಳಿದವರಿಗೆ, ಮನೆಯಲ್ಲಿ ತೊಂದರೆ, ತಂದೆಗೆ ಅಸೌಖ್ಯ, ಮೂರು ವರ್ಷ ಓದಿ ಮತ್ತೊಂದು ವರ್ಷ ತರಬೇತಿ ಪಡೆಯುವಷ್ಟು ಬಿಡುವಿಲ್ಲ ಎಂದೆಲ್ಲ ಹೇಳಿದೆ. ಅವು ಸುಳ್ಳಲ್ಲ. ಆದರೆ ಕಾರಣವೂ ಅವಲ್ಲ. ನಿಜವಾದ ಕಾರಣವನ್ನು ಇಂದು ಇಲ್ಲಿ, ನನ್ನ ಗುರುಗಳ ಎದುರಿನಲ್ಲೇ ಹೇಳಬೇಕು: ನಾನು ಕನ್ನಡ ಮಾಧ್ಯಮದ ಹುಡುಗ, ಇಂಗ್ಲಿಷಿನಲ್ಲಿ ಬಾಯಿ ತೆರೆದರೆ ನಗುತ್ತಾರೆ ಎಂಬ ಭಯ. 2007ರಲ್ಲಿ ನನಗೆ 27 ತುಂಬಿತು. ಆ ಬಾಗಿಲು ಮುಚ್ಚಿತು. ಮುಚ್ಚಿದವರು ಯಾರೂ ಅಲ್ಲ, ನಾನೇ.

ಆಮೇಲೆ ನಾನು ಹವಾಲ್ದಾರನಾದೆ. ಆ ಬದುಕು ಕೀಳಲ್ಲ ಎಂಬುದನ್ನು ಸ್ಪಷ್ಟವಾಗಿ ಹೇಳಲು ಬಯಸುತ್ತೇನೆ. ಹವಾಲ್ದಾರನಿಂದ ನಾಯಬ್ ಸುಬೇದಾರ್, ಸುಬೇದಾರ್, ಸುಬೇದಾರ್ ಮೇಜರ್ ಎಂಬ ದಾರಿ ಗೌರವದ ದಾರಿ. ಒಂದು ಪಲ್ಟಣದ ನೆನಪು, ನಡತೆ, ಕೌಶಲ ಎಲ್ಲವೂ ಉಳಿಯುವುದು ಅವರಲ್ಲಿ. ಉತ್ತಮ ಸೇವೆ ಸಲ್ಲಿಸಿದ ಹಿರಿಯರಿಗೆ ಗಣರಾಜ್ಯೋತ್ಸವ, ಸ್ವಾತಂತ್ರ್ಯೋತ್ಸವಗಳಂದು ಗೌರವ ಲೆಫ್ಟಿನೆಂಟ್, ಗೌರವ ಕ್ಯಾಪ್ಟನ್ ಪದವಿಗಳೂ ಬರುತ್ತವೆ. ಆ ದಾರಿಯಲ್ಲೇ ನೆಮ್ಮದಿಯಿಂದ ಸಾಗುತ್ತಿದ್ದವನ ಮನಸ್ಸನ್ನು ಕದಲಿಸಿದ್ದು ಒಂದು ಮಳೆಗಾಲದ ರಾತ್ರಿ.

ಗಡಿಯ ಹತ್ತಿರದ ಒಂದು ತೊರೆಗೆ ನಾವು ಬೈಲಿ ಸೇತುವೆ ಹಾಕಿದ್ದೆವು. ಉಕ್ಕಿನ ಚೌಕಟ್ಟುಗಳನ್ನು ಪಿನ್ನಿನಿಂದ ಜೋಡಿಸಿ ದಡದಿಂದ ದಡಕ್ಕೆ ತಳ್ಳುವ ಸೇತುವೆ ಅದು. ನೀರು ಏರಿ ಒಂದು ಕಡೆಯ ದಡ ಕುಸಿಯತೊಡಗಿತ್ತು. ಆಚೆ ದಡದಲ್ಲಿ ವಾಹನಗಳ ಸಾಲು. ನಮ್ಮ ಲೆಫ್ಟಿನೆಂಟರಿಗೆ 23 ವರ್ಷ ವಯಸ್ಸು. ನನ್ನನ್ನು ಪಕ್ಕಕ್ಕೆ ಕರೆದು, ‘ನೀವೇನು ಮಾಡುತ್ತಿದ್ದಿರಿ?’ ಎಂದು ಕೇಳಿದರು. ‘ಮುಚ್ಚುತ್ತಿದ್ದೆ, ಸಾಹೇಬರೇ’ ಎಂದೆ. ಅವರು ಸೇತುವೆಯನ್ನು ಮುಚ್ಚಿದರು. ಆಮೇಲೆ ರಾತ್ರಿಯಿಡೀ ದೂರವಾಣಿಯಲ್ಲಿ ಬಂದ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟವರು ಅವರು. ‘ಹವಾಲ್ದಾರ್ ಹೇಳಿದ’ ಎಂದು ಒಂದು ಸಲವೂ ಅನ್ನಲಿಲ್ಲ. ನಾನು ಪಕ್ಕದಲ್ಲಿ ಚಹಾ ಕುಡಿಯುತ್ತಾ ಕುಳಿತಿದ್ದೆ. ನನ್ನ ಮಾತಿಗೆ ನಾನು ಏನೂ ಬೆಲೆ ತೆರಬೇಕಾಗಿರಲಿಲ್ಲ. ಅದೇ ಮಾತಿಗೆ ಆ ಹುಡುಗ ತನ್ನ ಹೆಸರನ್ನೇ ಒತ್ತೆ ಇಟ್ಟಿದ್ದ. ಸಲಹೆ ಕೊಡುವುದು ಬೇರೆ, ತೀರ್ಮಾನ ಹೊರುವುದು ಬೇರೆ ಎಂಬುದು ಅಂದು ತಿಳಿಯಿತು. ಹನ್ನೆರಡು ವರ್ಷಗಳ ಅನುಭವವನ್ನು ಇಟ್ಟುಕೊಂಡು ಹೊರೆಯನ್ನು ಮಾತ್ರ ಇನ್ನೊಬ್ಬರಿಗೆ ಬಿಡುತ್ತಿದ್ದೇನೆ ಎಂದು ನಾಚಿಕೆಯಾಯಿತು.

ಆಗ ಎರಡನೆಯ ಬಾಗಿಲಿನ ಸುದ್ದಿ ತಿಳಿಯಿತು. 28ರಿಂದ 35 ವರ್ಷದೊಳಗಿನ, ಕನಿಷ್ಠ 5 ವರ್ಷ ಸೇವೆ ಸಲ್ಲಿಸಿದ ಸೈನಿಕರಿಗೆ ಸ್ಪೆಷಲ್ ಕಮಿಷನ್ಡ್ ಆಫೀಸರ್ ಎಂಬ ಯೋಜನೆ ಇತ್ತು. ರಜೆಯಲ್ಲಿ ಊರಿಗೆ ಬಂದಾಗ ಹೆಂಡತಿಗೆ ವಿಷಯ ತಿಳಿಸಿದೆ. ಅವಳು ಸಂಭ್ರಮಪಡಲಿಲ್ಲ. ಅಡಿಕೆ ಸುಲಿಯುತ್ತಿದ್ದವಳು ಕೈ ನಿಲ್ಲಿಸದೆ ಕೇಳಿದಳು: ‘ಹೆಗಲ ಮೇಲೆ ಎರಡು ನಕ್ಷತ್ರ ಬಂದರೆ ನಮ್ಮ ಮನೆಯಲ್ಲಿ ಏನು ಬದಲಾಗುತ್ತದೆ? ಮೊದಲು ಅದನ್ನು ಬರೆದು ತೋರಿಸಿ.’ ಆ ರಾತ್ರಿ ಮಗಳ ಕಾಪಿ ಪುಸ್ತಕದ ಹಾಳೆಯಲ್ಲಿ ಇಬ್ಬರೂ ಬರೆದೆವು. ಸಂಬಳ ಹೆಚ್ಚುತ್ತದೆ. ಸೇವೆಯ ಅವಧಿ ಬೆಳೆಯುತ್ತದೆ. ಮನೆಗೆ ಮರಳುವ ದಿನ ದೂರ ಹೋಗುತ್ತದೆ. ಜೊತೆಗೆ ಉಂಡ ಗೆಳೆಯರು ನಾಳೆ ಸೆಲ್ಯೂಟ್ ಹೊಡೆಯುತ್ತಾರೆ. ಅವರ ಜೊತೆ ಮೊದಲಿನಂತೆ ಕುಳಿತು ಹರಟಲಾಗದು. ಹೊಸ ಜೊತೆಗಾರರು ನನಗಿಂತ ಹತ್ತು ವರ್ಷ ಚಿಕ್ಕವರು. ಕೊನೆಯ ಸಾಲನ್ನು ಬರೆದವಳು ಅವಳು: ‘ಮಗಳು ಈ ಶಾಲೆ ಬಿಡಬೇಕಾಗುತ್ತದೆ.’ ಆಗ ನನ್ನ ಮಗಳು ಇಲ್ಲಿಯೇ ಒಂದನೆಯ ತರಗತಿಯಲ್ಲಿದ್ದಳು. ಕುಟುಂಬವನ್ನು ಜೊತೆಗೆ ಕರೆದೊಯ್ಯಬೇಕಾದರೆ ಕನ್ನಡ ಶಾಲೆ ಎಲ್ಲಿ ಸಿಗುತ್ತದೆ?

ಹಾಳೆಯ ಎರಡೂ ಬದಿಗಳನ್ನು ನೋಡಿ ನಾವು ಹೌದೆಂದೆವು. ಮೊದಲ ಸಲದ ‘ಇಲ್ಲ’ಕ್ಕೂ ಈ ‘ಹೌದಿ’ಗೂ ಇದ್ದ ವ್ಯತ್ಯಾಸ ಇಷ್ಟೇ: ಮೊದಲಿನದನ್ನು ಭಯ ತೀರ್ಮಾನಿಸಿತ್ತು, ಇದನ್ನು ನಾವಿಬ್ಬರು ತೀರ್ಮಾನಿಸಿದೆವು. ಅಂದು ಲೆಕ್ಕ ಹಾಕಿ ‘ಇಲ್ಲ’ ಎಂದಿದ್ದರೂ ನನಗೆ ಪಶ್ಚಾತ್ತಾಪವಿರುತ್ತಿರಲಿಲ್ಲ.

ಆಯ್ಕೆಗೆ ಐದು ದಿನಗಳ ಪರೀಕ್ಷೆ. 2012ರಲ್ಲಿ ಭೋಪಾಲದಲ್ಲಿ ಮೊದಲ ಸಲ ಹಾಜರಾದೆ. ಒಂದು ಪರೀಕ್ಷೆಯಲ್ಲಿ 60 ಪದಗಳನ್ನು ಒಂದೊಂದಾಗಿ ತೋರಿಸುತ್ತಾರೆ. ಪ್ರತಿ ಪದಕ್ಕೆ 15 ಸೆಕೆಂಡು. ಅಷ್ಟರಲ್ಲಿ ಮನಸ್ಸಿಗೆ ಬಂದುದನ್ನು ಒಂದು ವಾಕ್ಯದಲ್ಲಿ ಬರೆಯಬೇಕು. ನಾನು ಕನ್ನಡದಲ್ಲಿ ಯೋಚಿಸಿ, ಭಾರಿ ಇಂಗ್ಲಿಷಿಗೆ ತಿರುಗಿಸಲು ಹೊರಟು, ಅರ್ಧದಷ್ಟನ್ನು ಖಾಲಿ ಬಿಟ್ಟೆ. ಬರಿಗೈಯಲ್ಲಿ ಮರಳಿದೆ. ಮುಂದಿನ ರಜೆಯಲ್ಲಿ ನಮ್ಮ ಕನ್ನಡ ಪಂಡಿತರನ್ನು ಕಂಡು ಇದನ್ನೆಲ್ಲ ಹೇಳಿಕೊಂಡೆ. ಅವರು ನಕ್ಕು, ‘ಪ್ರಬಂಧ ಬರೆಸುವಾಗ ನಿನಗೆ ಏನು ಹೇಳುತ್ತಿದ್ದೆ? ವಾಕ್ಯ ಸಣ್ಣದಿರಲಿ, ನಿನ್ನದಾಗಿರಲಿ ಎಂದಲ್ಲವೇ? ಅದು ಕನ್ನಡಕ್ಕೆ ಮಾತ್ರ ಹೇಳಿದ್ದೆಂದು ತಿಳಿದೆಯಾ?’ ಎಂದರು. ಮತ್ತೂ ಒಂದು ಮಾತು ನೆನಪಿಸಿದರು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲೆಯಾಳ, ಸೈನ್ಯದಲ್ಲಿ ಹಿಂದಿ. ನಾಲ್ಕು ಭಾಷೆಗಳಲ್ಲಿ ಬಾಳಿದವನಿಗೆ ಐದನೆಯದರ ಭಯವೇಕೆ? ಗಡಿನಾಡಿನ ಮಗುವಿಗೆ ಈ ಶಾಲೆ ಕೊಟ್ಟ ಬಲವನ್ನು ನಾನು ಇಷ್ಟು ವರ್ಷ ಕೊರತೆಯೆಂದು ತಿಳಿದಿದ್ದೆ.

ಮರುವರ್ಷ ಬೆಂಗಳೂರಿನ ಆಯ್ಕೆ ಕೇಂದ್ರದಲ್ಲಿ ಸಣ್ಣ ಸಣ್ಣ ವಾಕ್ಯಗಳನ್ನು ಬರೆದೆ. ಹಿಂದಿಯಲ್ಲಿ ಬರೆಯಲೂ ಅವಕಾಶವಿದೆ. ಅವರು ನೋಡುವುದು ಭಾಷೆಯ ಬೆಡಗನ್ನಲ್ಲ. ಕೊನೆಯಲ್ಲಿ ಆತ್ಮವಿವರಣೆ ಎಂಬ ಭಾಗ ಬರುತ್ತದೆ: ನಿಮ್ಮ ಬಗ್ಗೆ ತಂದೆತಾಯಿ ಏನೆನ್ನುತ್ತಾರೆ, ಅಧ್ಯಾಪಕರು ಏನೆನ್ನುತ್ತಾರೆ, ಗೆಳೆಯರು ಏನೆನ್ನುತ್ತಾರೆ, ನೀವೇ ಏನೆನ್ನುತ್ತೀರಿ? 33 ವರ್ಷದ ಹವಾಲ್ದಾರನಿಗೆ ಅಲ್ಲಿ ನೆನಪಾದದ್ದು ಈ ಕಟ್ಟಡ. ‘ಕೊಟ್ಟ ಕೆಲಸ ಮುಗಿಸುತ್ತಾನೆ ಎನ್ನುತ್ತಿದ್ದರು, ಕೇಳದೆ ಬಾಯಿ ಬಿಡುವುದಿಲ್ಲ ಎಂದು ಬೇಸರಪಡುತ್ತಿದ್ದರು. ಎರಡೂ ನಿಜ. ಎರಡನೆಯದನ್ನು ತಿದ್ದಿಕೊಳ್ಳುತ್ತಿದ್ದೇನೆ’ ಎಂದು ಬರೆದೆ. ಆ ಸಲ ಆಯ್ಕೆಯಾದೆ. ಬಿಹಾರದ ಗಯೆಯಲ್ಲಿ ಒಂದು ವರ್ಷ ತರಬೇತಿ. 19 ವರ್ಷದ ಹುಡುಗರೂ ತರಬೇತಿ ಪಡೆಯುತ್ತಿದ್ದ ಆ ನೆಲದಲ್ಲಿ ನನ್ನ ಮೊಣಕಾಲುಗಳು ನನ್ನ ವಯಸ್ಸನ್ನು ದಿನವೂ ಹೇಳುತ್ತಿದ್ದವು.

ಇದು ಬರೀ ಗೆಲುವಿನ ಕಥೆಯಲ್ಲ. ನನ್ನ ಮಗಳು ಎರಡನೆಯ ತರಗತಿಯ ಬಳಿಕ ಈ ಶಾಲೆಯಲ್ಲಿ ಓದಲಿಲ್ಲ. ಅವಳ ತಾಯಿ ಸಂಜೆಹೊತ್ತು ಕನ್ನಡ ಕಲಿಸಿದಳು. ಇಂದೂ ಅವಳು ಕನ್ನಡವನ್ನು ಓದುತ್ತಾಳೆ, ಆದರೆ ನಿಧಾನವಾಗಿ, ಬೆರಳಿಟ್ಟು ಓದುತ್ತಾಳೆ. ಆ ಬೆರಳನ್ನು ಕಂಡಾಗಲೆಲ್ಲ ಅಂದಿನ ಹಾಳೆಯ ಕೊನೆಯ ಸಾಲು ನನಗೆ ನೆನಪಾಗುತ್ತದೆ. ನಿರ್ಧಾರ ಸರಿಯಾಗಿದ್ದ ಮಾತ್ರಕ್ಕೆ ಅದರ ಬೆಲೆ ಕಡಿಮೆಯಾಗುವುದಿಲ್ಲ.

ಇಲ್ಲಿರುವ ಹಳೆ ವಿದ್ಯಾರ್ಥಿಗಳಲ್ಲಿ ಬ್ಯಾಂಕು, ಶಾಲೆ, ಸ್ವಂತ ಉದ್ಯಮಗಳಲ್ಲಿ ದುಡಿಯುವವರಿದ್ದೀರಿ. ಕಾಲ ಮೀರಿತೆಂದು ತಿಳಿಯಬೇಡಿ. 1948ರ ಕಾಯಿದೆಯಂತೆ ರೂಪುಗೊಂಡು, 1949ರ ಅಕ್ಟೋಬರ್ 9ರಂದು ರಾಜಾಜಿಯವರಿಂದ ಉದ್ಘಾಟನೆಗೊಂಡ ಪ್ರಾದೇಶಿಕ ಸೇನೆ ನಿಮ್ಮಂಥವರಿಗಾಗಿಯೇ ಇದೆ. ಪದವೀಧರರಾಗಿದ್ದು, ಸ್ವಂತ ಜೀವನೋಪಾಯವಿದ್ದು, ದೇಹ ಗಟ್ಟಿಯಿದ್ದರೆ 42 ವರ್ಷದವರೆಗೆ ಅಧಿಕಾರಿ ಹುದ್ದೆಗೆ ಅರ್ಜಿ ಹಾಕಬಹುದು. ವರ್ಷಕ್ಕೆ ಸುಮಾರು ಎರಡು ತಿಂಗಳು ತರಬೇತಿ ಇರುತ್ತದೆ. ಆದರೆ ಅದು ಹೊಟ್ಟೆಪಾಡಿನ ನೌಕರಿಯಲ್ಲ, ಅಲಂಕಾರದ ಸಮವಸ್ತ್ರವೂ ಅಲ್ಲ. 1962, 1965, 1971ರಲ್ಲಿ ಅದರ ಘಟಕಗಳು ಕರೆ ಬಂದಾಗ ಹೋಗಿವೆ. ಕರೆ ಬಂದ ದಿನ ಅಂಗಡಿಯನ್ನು, ತರಗತಿಯನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಮೊದಲೇ ಮನೆಯವರೊಡನೆ ಮಾತನಾಡಿ. ವಯಸ್ಸು ಅರ್ಹತೆಗಳ ನಿಯಮ ಬದಲಾಗುವುದುಂಟು. ಆಯಾ ವರ್ಷದ ಅಧಿಕೃತ ಪ್ರಕಟಣೆಯನ್ನೇ ನಂಬಿ. ಹೆತ್ತವರೇ, ಇಂದು ನಿಮ್ಮ ಹೆಣ್ಣುಮಕ್ಕಳಿಗೂ ದಾರಿ ಅಗಲವಾಗಿದೆ. 2022ರಿಂದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಲ್ಲೂ ಅವರು ತರಬೇತಿ ಪಡೆಯುತ್ತಿದ್ದಾರೆ.

ಅಧಿಕಾರಿಯಾಗಬೇಕೆ ಎಂದು ಯೋಚಿಸುವವರು ನನ್ನನ್ನು ಕೇಳಿದರೆ ಎರಡೇ ಮಾತು ಹೇಳುತ್ತೇನೆ. ದೆಹರಾದೂನಿನ ಅಕಾಡೆಮಿಯ ಸಭಾಂಗಣದಲ್ಲಿ ಕೆತ್ತಿರುವ ಉಪದೇಶದ ಸಾರ ಇದು: ದೇಶದ ಹಿತ ಮೊದಲು, ಕೈಕೆಳಗಿನವರ ಹಿತ ಆಮೇಲೆ, ತನ್ನದು ಯಾವಾಗಲೂ ಕೊನೆಗೆ. ಆ ಕೊನೆಯ ಸ್ಥಾನ ನಿಮಗೆ ಒಪ್ಪಿಗೆಯೇ ಎಂದು ಕೇಳಿಕೊಳ್ಳಿ. ನಕ್ಷತ್ರಗಳ ಮಾತು ಆಮೇಲೆ. ಎರಡನೆಯದಾಗಿ, ‘ಇಲ್ಲ’ ಎನ್ನುವುದಾದರೆ ಧಾರಾಳವಾಗಿ ಅನ್ನಿ, ಆದರೆ ನಿಮ್ಮ ‘ಇಲ್ಲ’ವನ್ನು ಭಯದ ಕೈಯಲ್ಲಿ ಬರೆಸಬೇಡಿ.

ಗುರುಗಳೇ, ನಿಮ್ಮಲ್ಲಿ ಒಂದು ಬಿನ್ನಹ. ಕೇಳದೆ ಬಾಯಿ ಬಿಡದ ಒಂದು ಮಗು ಇಂದೂ ಯಾವುದೋ ಹಿಂದಿನ ಬೆಂಚಿನಲ್ಲಿ ಕುಳಿತಿರುತ್ತದೆ. ಅದನ್ನು ಒಮ್ಮೆ ವೇದಿಕೆಗೆ ಕರೆಯಿರಿ. ಆ ಮಗುವಿಗೆ ನನ್ನಂತೆ ಅಷ್ಟು ವರ್ಷ ಕಾಯುವ ಪ್ರಸಂಗ ಬಾರದಿರಲಿ.